ಸ್ವಭಾವೋಕ್ತಿಯೂ ಕಡಲಜೀವಿಗಳ ಚಿತ್ರಪಟಗಳೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ ಕಡಲಿಗೆ ಬಹು ದೂರವಾದುದು. ಇಲ್ಲಿಯ ವಿದ್ಯಾರ್ಥಿಗೆ ಬಹುಕಾಲ ಜಲಚರಗಳ ಅದ್ಭುತವು ಎರಡೇ ವಿಧದಲ್ಲಿ ಗೋಚರವಾಗುತ್ತಿದ್ದಿತು: ಕುರುವತ್ತಿಯ ಮಲ್ಲಿಕಾರ್ಜುನನ ಗುಡಿಯಂತಹ ಚಾಲುಕ್ಯ ದೇಗುಲಗಳಲ್ಲಿ ಮಕರರೂಪದಿಂದ, ಪ್ರಾಣಿಶಾಸ್ತ್ರದ ಗ್ರಂಥಗಳಲ್ಲಿ ಚಿತ್ರಪಟರೂಪದಿಂದ. ಅಲಂಕಾರವನ್ನು ಬೋಧಿಸುವವರು ಮೊದಲನೆಯದನ್ನು ಕವಿಕಲ್ಪನೆಗೂ ಎರಡನೆಯದನ್ನು ಸ್ವಭಾವೋಕ್ತಿಗೂ ಉದಾಹರಣೆಯಾಗಿ ಕೊಡುವುದು ಸುಲಭ. ಈ ವಿಭಾಗವು ವಿಚಾರವನ್ನು ಸಹಿಸುವುದೇ?

ಆನೆಯ ಸೊಂಡಿಲು, ಮೊಸಳೆಯ ದವಡೆ, ಬಳ್ಳಿಯಾಗಿ ಹಬ್ಬುವ ಬಾಲ ಇವುಗಳುಳ್ಳ ಮಕರವು ಅಜ್ಞಾನದ ಫಲವೆಂಬುದು ಯುಕ್ತವಲ್ಲ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮತ್ಸ್ಯವಿನೋದದಲ್ಲಿ ಮೀನುಗಳನ್ನು ಕಡಲಿನವು, ಹೊಳೆಯವು, ಹುರುಪೆಯುಳ್ಳವು, ಇಲ್ಲದವು ಎಂದು ವಿಂಗಡಿಸಿರುವನು. ಮೀನನ್ನು ಬಲ್ಲ ಕಾಲವೇ ಮಕರವನ್ನು ಕೆತ್ತಿಸಿತು.

ಪಟಗಳಲ್ಲಿಯೂ ಭೇದವುಂಟು. ಪ್ಯಾಟ್ರಿಕ್ ರಸಲನು ವಿಶಾಖಪಟ್ಟಣದ 200 ಮೀನುಗಳನ್ನು ದೇಶೀಯ ಚಿತ್ರಗಾರನಿಂದ ಬರೆಯಿಸಿ, 1803ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಪಟಕ್ಕೊಂದು ಮೀನು, ಪಕ್ಕದ ನೋಟ, ಹಿನ್ನೆಲೆಯಿಲ್ಲ, ಊರವರು ಕರೆಯುವ ಹೆಸರೂ ಉಂಟು. ದಂಡಿಯು ಅರ್ಥಾಲಂಕಾರಗಳ ಮೊದಲಲ್ಲಿಟ್ಟ ಸ್ವಭಾವೋಕ್ತಿಗೆ ಇದಕ್ಕಿಂತ ಹತ್ತಿರದ ಚಿತ್ರವು ದುರ್ಲಭ.

ಜರ್ಮನಿಯ ಎರ್ನ್ಸ್ಟ್ ಹೆಕೆಲನ ಮಾರ್ಗವೇ ಬೇರೆ. 1899ರಿಂದ 1904ರ ವರೆಗೆ ಹೊರಟ ಅವನ 100 ಪಟಗಳನ್ನು ಕಲ್ಲಚ್ಚಿಗೆ ಅಳವಡಿಸಿದವನು ಅಡಾಲ್ಫ್ ಗಿಲ್ಚ್. ಇವುಗಳಲ್ಲಿ ಲೋಳೆಮೀನುಗಳ ಪಟಗಳು ಪ್ರಸಿದ್ಧವಾದುವು. (ಹೆಸರಿನಲ್ಲಿ ಮೀನಿದ್ದರೂ ಇದು ಮೀನಲ್ಲ; ಇದಕ್ಕೆ ಎಲುಬೇ ಇಲ್ಲ.) ಇದರ ಒಡಲು ನೂರಕ್ಕೆ ಸುಮಾರು 95 ಪಾಲು ನೀರಾದುದರಿಂದ, ಹೊರಗೆತ್ತಿದೊಡನೆ ಆಕಾರಗೆಟ್ಟು ಕುಸಿಯುವುದು. ಆದುದರಿಂದ ಅದನ್ನು ಚಿತ್ರಿಸುವವನು ಕಂಡುದಕ್ಕೆ ತನ್ನ ಪ್ರತಿಭೆಯಿಂದ ಅಷ್ಟಿಷ್ಟು ಕೂಡಿಸದೆ ಗತ್ಯಂತರವಿಲ್ಲ. ಹೆಕೆಲನಾದರೋ ಅಲ್ಲಿಗೆ ನಿಲ್ಲಲಿಲ್ಲ. ಕಡಲಿನಲ್ಲಿ ಎಂದೂ ಹಾಗೆ ಒಟ್ಟುಗೂಡದ ಜೀವಿಗಳನ್ನು ಒಂದೇ ಹಾಳೆಯಲ್ಲಿ, ರಂಗವಲ್ಲಿಯಂತೆ ಎಡಬಲ ಸಮನಾಗಿ ಜೋಡಿಸಿದನು. 8ನೆಯ ಪಟದ ನಡುವಿನ ಲೋಳೆಮೀನಿಗೆ, 1864ರಲ್ಲಿ ತೀರಿಕೊಂಡ ತನ್ನ ಮಡದಿ ಅನ್ನಾ ಸೇಥೆಯ ಹೆಸರನ್ನೇ ಇಟ್ಟಿರುವನು. ಶಾಸ್ತ್ರನಾಮದಲ್ಲಿ ಅಡಗಿದ ಈ ಶೋಕವು ಕರುಣರಸಕ್ಕೆ ಬೀಜವಲ್ಲದೆ ಮತ್ತೇನು?

ಸ್ವಭಾವವು ಅಲಂಕಾರ್ಯವೇ ಹೊರತು ಅಲಂಕಾರವಲ್ಲವೆಂಬ ಕುಂತಕನ ಆಕ್ಷೇಪವು ಇಲ್ಲಿ ಹೊಸ ಬಲವನ್ನು ಪಡೆಯುವುದು. ಹೆಕೆಲನ ಪಟದಲ್ಲಿ ಲೋಳೆಮೀನು ಅಲಂಕಾರ್ಯ. ಜೋಡಣೆಯೂ ವರ್ಣವೂ ವಕ್ರತೆಯ ವ್ಯಾಪಾರ. ಇದರಿಂದ ಪಟದ ಚೆಲುವಿಗೆ ಕುಂದಿಲ್ಲ. ಶಾಸ್ತ್ರವಾಗಿ ನೋಡಿದರೆ ಮಾತ್ರ ದೋಷವುಂಟು: ಕುರುವತ್ತಿಯ ರೂವಾರಿಯು ತನ್ನ ಮಕರವು ಇಂಥ ಕಡಲಿನ ಇಂಥ ಜಾತಿಯೆಂದು ಯಾರಿಗೂ ಹೇಳಲಿಲ್ಲ, ಹೆಕೆಲನು ಪ್ರತಿಯೊಂದಕ್ಕೂ ಜಾತಿನಾಮವನ್ನು ಕೊಟ್ಟಿರುವನು. ಸ್ವಭಾವೋಕ್ತಿಯನ್ನು ಪಾಠಹೇಳುವವರು ರಸಲನ ಮೀನನ್ನು ಮುಂದಿಟ್ಟು, ಹೆಕೆಲನ ಲೋಳೆಮೀನನ್ನು ವಕ್ರೋಕ್ತಿಯ ಪಾಠಕ್ಕೆ ಕಾದಿಡುವುದು ಉಚಿತ.