ಹನ್ನೆರಡು ಗೇಜಿನ ತಂತಿ

ಗಿಟಾರು ಕೊಳ್ಳುವವರು ನಮ್ಮಲ್ಲಿ ಮೊದಲು ನೋಡುವುದು ಅದರ ಒಡಲನ್ನು. ದೊಡ್ಡದಿದೆಯೇ, ಹೊಳೆಯುತ್ತದೆಯೇ ಎಂದು ವಿಚಾರಿಸಿ, ತಂತಿಯ ಮಾತನ್ನು ಅಂಗಡಿಯವರಿಗೆ ಬಿಡುತ್ತಾರೆ. ಈ ರೂಢಿ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಕೈ ಏನು ಮಾಡಬೇಕೆಂಬುದು ಮೊದಲು ತೀರ್ಮಾನವಾಗಬೇಕು, ತಂತಿ ಆಮೇಲೆ, ಒಡಲು ಕೊನೆಗೆ. ಸಾಕ್ಷಿಗಾಗಿ ನಮ್ಮ ಎಂ.ಕೆ. ಹುಬ್ಬಳ್ಳಿಯಿಂದ ಬಹಳ ದೂರ ಹೋಗಬೇಕಿಲ್ಲ. ಊರ ಮಗ್ಗುಲಲ್ಲಿ ಹರಿವ ಮಲಪ್ರಭೆ ಮುಂದೆ ಸೇರುವುದು ಎಲ್ಲಮ್ಮನ ಸವದತ್ತಿ ಸೀಮೆಯನ್ನು. ಹೆದ್ದಾರಿ ಹಿಡಿದರೆ ಸಿಗುವುದು ಧಾರವಾಡ.

ಎಲ್ಲಮ್ಮನ ಗುಡ್ಡದ ಚೌಡಿಕೆಗೆ ಇರುವುದು ಒಂದೇ ತಂತಿ. ಕಂಕುಳಲ್ಲಿ ಹಿಡಿಯುವಷ್ಟು ಒಡಲು, ಅದರ ತಳಕ್ಕೆ ಚರ್ಮ. ಜೋಗತಿಯ ಬೆರಳು ಆ ತಂತಿಯ ಮೇಲೆ ಸ್ವರ ಹುಡುಕುತ್ತ ಓಡಾಡುವುದಿಲ್ಲ. ಹಾಡು ಕೊರಳಿನದು, ತಂತಿಯದು ಲಯ. ಕೆಲಸ ಇಷ್ಟೇ ಆದ್ದರಿಂದ ವಾದ್ಯವೂ ಇಷ್ಟೇ. ಧಾರವಾಡದ ಸಿತಾರಿನದು ಬೇರೆ ಕಥೆ. ಸಿತಾರ ರತ್ನ ರಹಿಮತ್ ಖಾನರ ಪರಂಪರೆ, ಮುಂದೆ ಅವರ ಮೊಮ್ಮಗ ಬಾಲೆ ಖಾನರು (1942–2007) ನುಡಿಸಿದ ಬಗೆ, ಎರಡರಲ್ಲೂ ಮೀಂಡಿಗೆ ದೊಡ್ಡ ಪಾಲು: ತಂತಿಯನ್ನು ಅಡ್ಡಕ್ಕೆಳೆದು ಒಂದೇ ಮೆಟ್ಟಿನ ಮೇಲೆ ನಾಲ್ಕೈದು ಸ್ವರ ಹೊರಡಿಸಬೇಕು. ಅದಕ್ಕೆ ಬಳಸುವ ಬಾಜ್ ತಂತಿ ಸಾಮಾನ್ಯವಾಗಿ 0.30 ಮಿ.ಮೀ. ಉಕ್ಕು. ಕುತೂಹಲದ ಸಂಗತಿಯೆಂದರೆ, ಅಕೂಸ್ಟಿಕ್ ಗಿಟಾರಿನ ಹನ್ನೆರಡು ಗೇಜಿನ ಮೊದಲ ತಂತಿಯೂ ಹೆಚ್ಚುಕಡಿಮೆ ಅಷ್ಟೇ ದಪ್ಪ! ಆದರೆ 65 ಸೆಂ.ಮೀ. ಉದ್ದದಲ್ಲಿ ಎತ್ತರದ ಶ್ರುತಿಗೇರಿದಾಗ ಅದರ ಬಿಗಿತ ಹತ್ತು ಕಿಲೋ ದಾಟುತ್ತದೆ. ಸಿತಾರಿನ ಉದ್ದ ಹೆಚ್ಚು, ಶ್ರುತಿ ಕೆಳಗಿನದು, ಹೀಗಾಗಿ ಬಿಗಿತ ಆರು ಕಿಲೋದ ಆಸುಪಾಸು. ಸಿತಾರಿನಲ್ಲಿ ಐದು ಸ್ವರ ಎಳೆಯುವ ಬೆರಳು ಗಿಟಾರಿನಲ್ಲಿ ಎರಡಕ್ಕೇ ಸೋಲುವುದು ಈ ಕಾರಣಕ್ಕೆ. ಗೇಜಿನ ಅಂಕಿ ತಾನಾಗಿ ಏನನ್ನೂ ಹೇಳದು.

ಈಗ ಅಂಗಡಿಯ ಗಿಟಾರಿಗೆ ಬರೋಣ. 1916ರಲ್ಲಿ ಮಾರ್ಟಿನ್ ಕಂಪನಿ ಡಿಟ್ಸನ್ ಅಂಗಡಿಗಾಗಿ ಮಾಡಿಕೊಟ್ಟ ಡ್ರೆಡ್‌ನಾಟ್‌ಗೆ ಯುದ್ಧನೌಕೆಯೊಂದರ ಹೆಸರು. ಅಗಲ ಒಡಲು, ತುಂಬು ಮಂದ್ರ. ಪಿಕ್ ಹಿಡಿದು ರಭಸದಿಂದ ಮೀಟುತ್ತ ಹಾಡುವವರಿಗೆ ಅದು ಸರಿ. ಬೆರಳಿನಿಂದ ಒಂದೊಂದೇ ಸ್ವರ ಬಿಡಿಸುವವರಿಗೆ ಸಣ್ಣ ನಡುವಿನ, ತೆಳು ಒಡಲಿನ ಗಿಟಾರೇ ವಾಸಿ: ಕಡಿಮೆ ಪೆಟ್ಟಿಗೂ ಹಲಗೆ ಕಂಪಿಸುತ್ತದೆ, ಸ್ವರಗಳು ಒಂದರ ಮೇಲೊಂದು ಬೀಳುವುದಿಲ್ಲ. ಎಲೆಕ್ಟ್ರಿಕ್ಕಿನಲ್ಲಿ ಒಡಲು ಧ್ವನಿಪೆಟ್ಟಿಗೆಯೇ ಅಲ್ಲ, ಆದ್ದರಿಂದ ಒಂಬತ್ತು ಗೇಜು ನಡೆಯುತ್ತದೆ.

ದಪ್ಪ ತಂತಿಯಿಂದ ನಾದ ತುಂಬುತ್ತದಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಬಿಗಿತ ಏರುವುದು ವ್ಯಾಸದ ವರ್ಗದಂತೆ: ಹತ್ತರಿಂದ ಹನ್ನೆರಡಕ್ಕೆ ಹೋದರೆ ಮೊದಲ ತಂತಿಯ ಬಿಗಿತ ಶೇ. 44 ಹೆಚ್ಚು. ಆ ನಾದಕ್ಕೆ ಬೆಲೆ ತೆರುವುದು ಹೊಸಬರ ಬೆರಳು. ಒಡಲು ಹಗುರವಿದ್ದರೆ ಕುದುರೆಯ (ಬ್ರಿಜ್‌ನ) ಹಿಂದೆ ಹಲಗೆಯೂ ಉಬ್ಬೀತು. ಬ್ರಿಜ್ ಭೂಷಣ್ ಕಾಬ್ರಾ ಅವರಂತೆ ಗಿಟಾರನ್ನು ಮಡಿಲಲ್ಲಿಟ್ಟು ಲೋಹದ ಸರಳು ಜಾರಿಸುವವರಿಗೆ ಮಾತ್ರ ಈ ಲೆಕ್ಕ ತಿರುಗುತ್ತದೆ. ಅಲ್ಲಿ ಬೆರಳು ತಂತಿಯನ್ನು ಒತ್ತುವುದೇ ಇಲ್ಲ, ದಪ್ಪ ತಂತಿಯೇ ಬೇಕು. ಪಳಗಿದ ಕೈ ಯಾವುದನ್ನಾದರೂ ನುಡಿಸೀತು ಎನ್ನುವವರಿದ್ದಾರೆ. ನುಡಿಸೀತು ನಿಜ, ಆದರೆ ಕೊಳ್ಳಲು ಬರುವ ಹೆಚ್ಚಿನವರ ಕೈ ಇನ್ನೂ ಪಳಗಿಲ್ಲ.

ಅಂಗಡಿಯಲ್ಲಿ ಒಂದು ಪರೀಕ್ಷೆ ಸಾಕು. ಮೊದಲ ತಂತಿಯನ್ನು ಒತ್ತಿ ಒಂದು ಪೂರ್ಣ ಸ್ವರ ಎಳೆದು ನೋಡಿ. ಬೆರಳು ಬಿಟ್ಟುಬಿಡು ಎಂದರೆ, ಒಡಲನ್ನು ದೂರುವ ಮೊದಲು ಹತ್ತು ಗೇಜಿನ ತಂತಿ ಹಾಕಿಸಿ ಇನ್ನೊಮ್ಮೆ ಎಳೆಯಿರಿ.