ಪೂರ್ವಾರ್ಹತೆಯ ಅರ್ಥವಿಚಾರ: ಒಂದು ಆಟದ ನಿಯಮಗ್ರಂಥವನ್ನು ಓದಿದಾಗ

ಸ್ಮರಣ ಸಂಚಿಕೆಗೆ ವಿಮರ್ಶಾ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಮಿತ್ರರು ಆಗ್ರಹಿಸಿದಾಗ ಅವರ ಮನಸ್ಸಿನಲ್ಲಿ ಕಾವ್ಯವೋ ಕಾದಂಬರಿಯೋ ಇದ್ದಿರಬೇಕು. ನಾವು ಎತ್ತಿಕೊಂಡಿರುವುದು ಒಂದು ಆಟದ ನಿಯಮಗ್ರಂಥವನ್ನು. ಸಹೃದಯರು ಬೇಸರಿಸಬಾರದು. ಕಾವ್ಯವನ್ನು ತಪ್ಪಾಗಿ ಓದಿದರೆ ರಸಭಂಗವಾಗುತ್ತದೆ; ನಿಯಮವನ್ನು ತಪ್ಪಾಗಿ ಓದಿದರೆ ಯಾರಿಗೋ ಸಲ್ಲಬೇಕಾದದ್ದು ತಪ್ಪಿಹೋಗುತ್ತದೆ.

ಕಳೆದ ರಜೆಯಲ್ಲಿ ನಮ್ಮ ಮೊಮ್ಮಗನೂ ಅವನ ಗೆಳೆಯರೂ ಪಡಸಾಲೆಯಲ್ಲಿ ಕುಳಿತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಿದ್ದರು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು ರೂಪಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ಒಬ್ಬನು ಕಥೆಯನ್ನು ನಡೆಸುತ್ತಾನೆ. ಉಳಿದವರು ತಲಾ ಒಂದು ಪಾತ್ರ ವಹಿಸಿ, ವೇಷವಿಲ್ಲದ ಬಯಲಾಟದವರಂತೆ, ಬಾಯಿಮಾತಿನಲ್ಲೇ ಅದನ್ನು ಬೆಳೆಸುತ್ತಾರೆ. ಪ್ರತಿ ಪಾತ್ರಕ್ಕೂ ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿದ್ದು, ಒಂದೊಂದಕ್ಕೂ ಅಂಕವಿರುತ್ತದೆ. ಕೆಲವು ವಿದ್ಯೆಗಳಿಗೆ ಇಂತಿಷ್ಟು ಅಂಕ ಇರಲೇಬೇಕು. ಅದೇ ಪೂರ್ವಾರ್ಹತೆ.

ಜಗಳ ಹುಟ್ಟಿದ್ದು ಅಲ್ಲಿಯೇ. ಒಬ್ಬ ಹುಡುಗನ ಪಾತ್ರ ‘ರೋಗ್’ ಎಂಬ ಚೋರ. ಚುರುಕು 15, ಬಲ 9. ಅವನು ‘ಫೈಟರ್’ ಎಂಬ ಯೋಧನ ಕಸುಬನ್ನೂ ಕಲಿಯಬಯಸಿದ. ಬಲವಿಲ್ಲದವನು ಯೋಧನಾಗುವುದೆಂತು ಎಂದು ಕಥೆ ನಡೆಸುತ್ತಿದ್ದ ನಮ್ಮ ಮೊಮ್ಮಗ ನಿರಾಕರಿಸಿದ. “ಅಜ್ಜಾ, ನೀವ ಹೆಡ್‌ಮಾಸ್ತರ್ ಇದ್ದವ್ರು, ನೀವ ನ್ಯಾಯ ಹೇಳ್ರಿ” ಎಂದು ಪುಸ್ತಕ ನಮ್ಮ ಕೈಗೆ ಬಂತು. ಅದು 2014ರ ಐದನೆಯ ಆವೃತ್ತಿಯ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’. ಯೋಧನ ಕಸುಬಿಗೆ ಬಲ 13 ‘ಅಥವಾ’ ಚುರುಕು 13 ಸಾಕು. ‘ಪ್ಯಾಲಡಿನ್’ ಎಂಬ ವ್ರತಧಾರಿ ಯೋಧನಿಗಾದರೆ ಬಲ 13 ‘ಮತ್ತು’ ವರ್ಚಸ್ಸು 13. ಹುಡುಗನ ಕೋರಿಕೆ ನ್ಯಾಯವಾಗಿಯೇ ಇತ್ತು. ತೀರ್ಪು ಹೇಳಿದೆವು; ಪುಸ್ತಕವನ್ನು ಮಾತ್ರ ಕೆಳಗಿಡಲಾಗಲಿಲ್ಲ.

ಪೂರ್ವಾರ್ಹತೆಯ ಸ್ವರೂಪವು ಆವೃತ್ತಿಯಿಂದ ಆವೃತ್ತಿಗೆ ಮಾರ್ಪಟ್ಟಿರುವುದು ಗಮನಾರ್ಹ. 1978ರ ಹ್ಯಾಂಡ್‌ಬುಕ್ಕಿನಲ್ಲಿ ಪ್ಯಾಲಡಿನ್ ಆಗಲು ವರ್ಚಸ್ಸು 17 ಇರಬೇಕಿತ್ತು. ಮೂರೇ ದಾಳಗಳನ್ನು ಉರುಳಿಸುವುದಾದರೆ 216 ಸಾಧ್ಯತೆಗಳಲ್ಲಿ 17 ಅಥವಾ 18 ಬೀಳುವುದು ನಾಲ್ಕರಲ್ಲಿ ಮಾತ್ರ, ಎಂದರೆ 54ಕ್ಕೆ ಒಂದು. ಅಲ್ಲಿ ಅರ್ಹತೆಯೆಂಬುದು ಹುಟ್ಟಿನ ಅದೃಷ್ಟ. 13 ಅಥವಾ ಅದಕ್ಕೆ ಮೇಲ್ಪಟ್ಟು ಬೀಳುವುದು 56 ಸಾಧ್ಯತೆಗಳಲ್ಲಿ, ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು. ಐದನೆಯ ಆವೃತ್ತಿಯಲ್ಲಿ ಮೊದಲ ಕಸುಬಿಗೆ ಯಾವ ಕನಿಷ್ಠ ಅಂಕವೂ ಇಲ್ಲ. ಎರಡನೆಯದಕ್ಕೆ ಮಾತ್ರ 13ರ ಹೊಸ್ತಿಲು. ಈ ಔದಾರ್ಯ ಮೆಚ್ಚತಕ್ಕದ್ದು.

ಗ್ರಂಥದ ಅತ್ಯುತ್ತಮ ಭಾಗ ‘ಫೀಟ್’ ಎಂಬ ವಿಶೇಷ ಪಟ್ಟುಗಳನ್ನು ಕುರಿತದ್ದು. ‘ಗ್ರ್ಯಾಪ್ಲರ್’ ಎಂಬ ಕುಸ್ತಿಯ ಪಟ್ಟಿಗೆ ಬಲ 13 ಬೇಕು. ಪಟ್ಟು ಕಲಿತ ಮೇಲೆ ಶಾಪದಿಂದ ಬಲ ಕುಂದಿದರೆ ಏನು? ಪಟ್ಟು ನಷ್ಟವಾಗುವುದಿಲ್ಲ, ಬಲ ಮರಳುವವರೆಗೆ ಪ್ರಯೋಗಿಸಲಾಗದು, ಅಷ್ಟೇ. ಪಡೆದಿರುವುದು ಬೇರೆ, ಬಳಸಲಾಗುವುದು ಬೇರೆ ಎಂಬ ಈ ವಿವೇಚನೆ ಬಹು ಸೂಕ್ಷ್ಮವಾದುದು. ಮಂಡಿನೋವಿನಿಂದ ಅಖಾಡಕ್ಕಿಳಿಯದ ಮುದಿ ಪೈಲ್ವಾನನು ಪಟ್ಟುಗಳನ್ನು ಮರೆತಿರುತ್ತಾನೆಯೇ? ಇದೇ ಸೂತ್ರದಿಂದ ಇನ್ನೊಂದು ಸಂದೇಹವೂ ಪರಿಹಾರವಾಗುತ್ತದೆ. ತೊಟ್ಟವನ ಬಲವನ್ನು 19ಕ್ಕೇರಿಸುವ ಮಾಯಾ ಕೈಗವಸೊಂದು ಆಟದಲ್ಲಿದೆ. ಬಲ 8 ಇರುವವನು ಅದನ್ನು ತೊಟ್ಟು ಪಟ್ಟು ಕಲಿಯಬಹುದೇ? ಅಕ್ಷರಾರ್ಥದಂತೆ ಕಲಿಯಬಹುದು, ಗವಸು ಕಳಚಿದೊಡನೆ ಪಟ್ಟು ನಿದ್ರಿಸುತ್ತದೆ, ತೊಟ್ಟೊಡನೆ ಏಳುತ್ತದೆ.

ಆದರೆ ಗ್ರಂಥದಲ್ಲಿ ದೋಷವಿಲ್ಲವೆನ್ನಲಾಗದು. ಎರಡನೆಯ ಕಸುಬಿಗೆ 13 ಏಕೆ ಬೇಕೆಂಬುದಕ್ಕೆ ಅದು ಕಾರಣ ಕೊಡುತ್ತದೆ: ಹೊಸಬನಿಗೆ ಸಿಗುವ ಪೂರ್ಣ ಶಿಕ್ಷಣ ಇವನಿಗೆ ಸಿಗದು, ಆದ್ದರಿಂದ ಸಹಜ ಪ್ರತಿಭೆ ಇರಬೇಕು. ಒಪ್ಪತಕ್ಕ ಮಾತು. ಆದರೆ ಅದೇ ನಿಯಮ, ಈಗಾಗಲೇ ಕಲಿತಿರುವ ಕಸುಬಿನ ಅರ್ಹತೆಯೂ ಇರಬೇಕೆನ್ನುತ್ತದೆ. ಬಲ 11, ಚುರುಕು 12 ಇರುವ ಯೋಧನ ಬುದ್ಧಿ 18 ಇದ್ದರೂ ಅವನು ಮಾಂತ್ರಿಕನ ಕಸುಬನ್ನು ಸೇರಿಸಿಕೊಳ್ಳಲಾರ. ಒಳಗೆ ಬರುವಾಗ ಕೇಳದ ಅಂಕವನ್ನು ಇನ್ನೊಂದು ಬಾಗಿಲಿಗೆ ಹೊರಟಾಗ ಕೇಳುವುದು ಯಾವ ನ್ಯಾಯ? ಕೊಟ್ಟ ಕಾರಣ ಹೊಸ ಕಸುಬಿಗೆ ಸಲ್ಲುತ್ತದೆ, ಹಳೆಯದಕ್ಕೆ ಸಲ್ಲದು. ನಿಯಮವು ತನ್ನ ಕಾರಣವನ್ನು ಮೀರಿ ನಡೆದಿದೆ. ಅಲ್ಲದೆ ಅಂಕ ಮುಂದೆ ಕುಂದಿದರೆ ಪಟ್ಟು ಏನಾಗುವುದೆಂದು ಹೇಳಿದ ಗ್ರಂಥ, ಕಸುಬು ಏನಾಗುವುದೆಂದು ಆ ಪ್ರಕರಣದಲ್ಲಿ ಹೇಳದೆ ಬಿಟ್ಟಿದೆ. ಮೌನವಿರುವಲ್ಲಿ ಕಲಿತವನ ಪರವಾಗಿ ಅರ್ಥೈಸುವುದೇ ಸರಿಯೆಂದು ನಮ್ಮ ಮತ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನಷ್ಟೇ ಹೇಳಿ ಬಿಡದೆ ವೃತ್ತಿಯನ್ನೂ ಪ್ರಯೋಗವನ್ನೂ ಕೊಟ್ಟದ್ದು ಇಂತಹ ಸಂದೇಹ ಉಳಿಯಬಾರದೆಂದೇ ಅಲ್ಲವೇ?

‘ಮತ್ತು’, ‘ಅಥವಾ’ಗಳ ವಿಷಯದಲ್ಲಿ ನಾವು ಇಷ್ಟು ನಿಷ್ಠುರರಾಗಲು ಒಂದು ಕಾರಣವುಂಟು. ಗಡಿನಾಡಿನ ಕನ್ನಡ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ನಮಗೆ ಸುತ್ತೋಲೆಗಳು ಮರಾಠಿಯಲ್ಲಿ ಬರುತ್ತಿದ್ದವು. ಮರಾಠಿಯಲ್ಲಿ ‘ವ’ ಎಂದರೆ ಮತ್ತು, ‘ವಾ’ ಎಂದರೆ ಅಥವಾ. ನಡುವೆ ಇರುವುದು ಒಂದು ಕಾನಾ, ಒಂದೇ ನಿಲುಗೆರೆ. ವಿದ್ಯಾರ್ಥಿವೇತನದ ಸುತ್ತೋಲೆಯೊಂದರ ಸೈಕ್ಲೋಸ್ಟೈಲ್ ಪ್ರತಿಯಲ್ಲಿ ಆ ಗೆರೆ ಮಾಸಿತ್ತು. ಶೇಕಡಾ 60 ಅಂಕವೂ ಬೇಕು, ಕ್ರೀಡಾ ಪ್ರಮಾಣಪತ್ರವೂ ಬೇಕೆಂದು ನಾವು ಓದಿಕೊಂಡೆವು. ಅಂಕ ಮಾತ್ರವಿದ್ದ ಬಾಲಕನೊಬ್ಬನ ಅರ್ಜಿಯನ್ನು ಹಿಂದಿರುಗಿಸಿದೆವು. ಅವಧಿ ಮುಗಿದ ಮೇಲೆ ಬೇರೊಂದು ಶಾಲೆಯಲ್ಲಿ ಅದರ ಸ್ಪಷ್ಟ ಪ್ರತಿಯನ್ನು ಕಂಡೆವು. ತಪ್ಪೊಪ್ಪಿಕೊಳ್ಳಲು ಅವನ ಮನೆಗೆ ಹೋದಾಗ ತಂದೆ, “ಇರ್ಲಿ ಬಿಡ್ರೀ ಗುರುಗಳೇ, ನೀವೇನು ಬೇಕಂತ ಮಾಡಿದ್ರೇನು” ಎಂದು ಚಹಾ ಕೊಟ್ಟರು. ಬಾಲಕ ನಮ್ಮ ಶಾಲೆಯ ಕೊನೆಯ ತರಗತಿಯಲ್ಲಿದ್ದ, ಅವನಿಗೆ ಮರುವರ್ಷವಿರಲಿಲ್ಲ.

ಅಂದಿನಿಂದ ನಿವೃತ್ತಿಯವರೆಗೆ ಯಾವ ಸುತ್ತೋಲೆಯನ್ನೂ ನಾವು ಒಬ್ಬರೇ ಓದಲಿಲ್ಲ. ಸಹೋದ್ಯೋಗಿಯೊಬ್ಬರು ಗಟ್ಟಿಯಾಗಿ ಓದಬೇಕು, ನಾವು ಪ್ರತಿಯ ಮೇಲೆ ಬೆರಳಿಟ್ಟು ಕೇಳಬೇಕು. ಮೊಮ್ಮಗನಿಗೂ ಇದನ್ನೇ ಹೇಳಿಕೊಟ್ಟಿದ್ದೇವೆ. ಆಟದಲ್ಲಿ ಕೊನೆಯ ಮಾತು ಕಥೆ ನಡೆಸುವವನದೆಂಬುದು ನಿಜ. ಆದರೆ ‘ಇಲ್ಲ’ ಎನ್ನುವ ಮುನ್ನ, ಯಾರಿಗೆ ಇಲ್ಲವೆನ್ನುತ್ತಿದ್ದಾನೋ ಅವನಿಂದಲೇ ಆ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿಸಬೇಕು.