ರೋಬೋಟಿನ ಕೀರ್ತಿಗೆ ಯಾವ ಅಳತೆಗೋಲು?

ಗುದನಾಳದ ಕ್ಯಾನ್ಸರಿಗೆ ರೋಬೋಟ್ ಶಸ್ತ್ರಚಿಕಿತ್ಸೆಯೇ ಉತ್ತಮ ಎಂಬ ಮಾತು ಸರ್ಜನ್ನರ ಸಮ್ಮೇಳನಗಳಿಂದ ಹೊರಟು ಆಸ್ಪತ್ರೆಗಳ ಜಾಹೀರಾತು ಫಲಕಗಳನ್ನು ತಲುಪಿ ವರ್ಷಗಳಾದವು. ಪುರಾವೆ ಮಾತ್ರ ಅಷ್ಟು ವೇಗವಾಗಿ ನಡೆದುಬಂದಿಲ್ಲ. ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯ ಸಮೇತ, ಎಲ್ಲೂ ಹರಿಯದಂತೆ ಬಿಡಿಸಿ ತೆಗೆಯಬೇಕೆಂದು ಇಂಗ್ಲೆಂಡಿನ ಬಿಲ್ ಹೀಲ್ಡ್ 1982ರಲ್ಲಿ ಪ್ರತಿಪಾದಿಸಿದ ಮೇಲೆ ಗುರಿಯ ಬಗ್ಗೆ ದೊಡ್ಡ ತಕರಾರು ಉಳಿದಿಲ್ಲ. ಹೊಟ್ಟೆ ತೆರೆದೋ, ಲ್ಯಾಪರೊಸ್ಕೋಪ್ ತೂರಿಸಿಯೋ, ರೋಬೋಟಿನ ತೋಳುಗಳಿಂದಲೋ, ಗುದದ್ವಾರದ ಕಡೆಯಿಂದಲೋ ಎಂಬುದಷ್ಟೇ ಜಗಳ. ಈ ಜಗಳದಲ್ಲಿ ರೋಬೋಟಿಗೆ ಸಂದಿರುವ ಹೊಗಳಿಕೆಯ ದೊಡ್ಡ ಪಾಲು ಅದನ್ನು ನಡೆಸುವ ಕೈಗೆ ಸಲ್ಲಬೇಕಾದದ್ದು.

ಇದನ್ನು ಕಾಣಲು ರೊಲಾರ್ ಪ್ರಯೋಗವನ್ನೇ ಬಿಡಿಸಿ ನೋಡಬೇಕು. 10 ದೇಶಗಳ 29 ಆಸ್ಪತ್ರೆಗಳಲ್ಲಿ 471 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ರೋಬೋಟನ್ನು ಲ್ಯಾಪರೊಸ್ಕೋಪಿಗೆ ಎದುರಿಟ್ಟ ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದು ಆರಿಸಿಕೊಂಡ ಮುಖ್ಯ ಅಳತೆಗೋಲು, ಮಧ್ಯದಲ್ಲಿ ಯೋಜನೆ ಬದಲಿಸಿ ಹೊಟ್ಟೆ ತೆರೆಯಬೇಕಾಗಿ ಬಂದ ಪ್ರಮಾಣ. ಆಯ್ಕೆಗೆ ಕಾರಣವಿತ್ತು: 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಕ್ಲಾಸಿಕ್ ಪ್ರಯೋಗದಲ್ಲಿ ಗುದನಾಳದ ರೋಗಿಗಳ ಪೈಕಿ ಶೇ. 34ರಷ್ಟು ಮಂದಿಗೆ ಲ್ಯಾಪರೊಸ್ಕೋಪಿ ಕೈಬಿಡಬೇಕಾಗಿತ್ತು. ಆದರೆ ಹೊಟ್ಟೆ ತೆರೆಯುವುದು ರಕ್ತದೊತ್ತಡದ ಹಾಗೆ ತಾನಾಗಿ ಒದಗುವ ಅಂಕಿಯಲ್ಲ, ಸರ್ಜನ್ ತೆಗೆದುಕೊಳ್ಳುವ ತೀರ್ಮಾನ. ತನ್ನ ಕೈಯಲ್ಲಿ ಯಾವ ಸಾಧನವಿದೆ ಎಂಬುದು ಅವನಿಗೆ ಗೊತ್ತು. ಹೊಸ ಸಾಧನದ ಮೇಲೆ ಮೋಹವಿದ್ದವನು ಇನ್ನೊಂದು ಗಳಿಗೆ ಹಟ ಹಿಡಿಯಬಹುದು. ಮೇಲಾಗಿ, ಬಿಡಿಸಬೇಕಾದ ಪದರ ಕಾಣದಾದಾಗ ಹೊಟ್ಟೆ ತೆರೆಯುವುದು ಎಷ್ಟೋ ಸಲ ವಿವೇಕ. ಅದನ್ನು ಸಾರಾಸಗಟಾಗಿ ಸೋಲಿನ ಖಾತೆಗೆ ಬರೆದರೆ ವಿವೇಕಕ್ಕೇ ದಂಡ ಹಾಕಿದಂತೆ. ರೋಬೋಟಿನ ಕಡೆಗೆ ಇಷ್ಟು ಸಡಿಲವಾದ ಅಳತೆಗೋಲಿನಲ್ಲೂ ಅದು ಗೆಲ್ಲಲಿಲ್ಲ. ಲ್ಯಾಪರೊಸ್ಕೋಪಿಯಲ್ಲಿ ಶೇ. 12.2, ರೋಬೋಟಿನಲ್ಲಿ ಶೇ. 8.1, ಸಂಖ್ಯಾಶಾಸ್ತ್ರದ ಪ್ರಕಾರ ಈ ಅಂತರ ಆಕಸ್ಮಿಕವಿದ್ದೀತು. ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಉಳಿದ ಪ್ರಮಾಣವೂ ಬೇರೆಯಾಗಲಿಲ್ಲ: 6.3 ಮತ್ತು 5.1. ಖರ್ಚು ಮಾತ್ರ ತಲೆಗೆ ಸುಮಾರು 980 ಪೌಂಡ್ ಹೆಚ್ಚಾಯಿತು.

ರೋಬೋಟಿನ ವಕೀಲರ ಉತ್ತರ ಸಿದ್ಧವಿದೆ: ಭಾಗವಹಿಸಿದ ಸರ್ಜನ್ನರಿಗೆ ಲ್ಯಾಪರೊಸ್ಕೋಪಿಯಲ್ಲಿದ್ದಷ್ಟು ಪಳಗಿಕೆ ರೋಬೋಟಿನಲ್ಲಿರಲಿಲ್ಲ. ಅನುಭವವನ್ನು ಲೆಕ್ಕಕ್ಕೆ ಹಿಡಿದ ಮರು ವಿಶ್ಲೇಷಣೆಯಲ್ಲಿ ಫಲಿತಾಂಶ ರೋಬೋಟಿನ ಕಡೆ ವಾಲಿದ್ದೂ ನಿಜ. ಆದರೆ ಈ ಉತ್ತರ ಅವರ ವಾದವನ್ನೇ ಬಿಟ್ಟುಕೊಡುತ್ತದೆ. ಪಳಗಿದ ಮೇಲೆ ಮಾತ್ರ ಲಾಭ ಕೊಡುವ ಸಾಧನದ ಮುಖ್ಯ ಗುಣ ಪಳಗಿಕೆಯೇ ಅಲ್ಲವೆ? ಕಲಿಕೆಯ ಅವಧಿಗೆ ಬೆಲೆ ತೆರುವವರು ರೋಗಿಗಳು. ಗುದದ್ವಾರದ ಕಡೆಯಿಂದ ಮಾಡುವ ವಿಧಾನದ ಬಗ್ಗೆಯೂ ಇಂಥದೇ ಉತ್ಸಾಹವಿತ್ತು. ನಾರ್ವೆಯಲ್ಲಿ ರೋಗ ಬೇಗನೆ, ಹಲವು ಕಡೆ ಮರುಕಳಿಸಿದ್ದು ಕಂಡು 2018ರಲ್ಲಿ ಅದನ್ನು ನಿಲ್ಲಿಸಲಾಯಿತು. ಆ ದೇಶ ಪ್ರತಿ ರೋಗಿಯ ಲೆಕ್ಕವಿಟ್ಟಿತ್ತು, ಆದ್ದರಿಂದ ಕಂಡಿತು. ಲೆಕ್ಕವಿಡದ ಕಡೆ ಇಂಥದ್ದು ಕಾಣುವುದೇ ಇಲ್ಲ.

ಹಾಗೆಂದು ಎದುರು ಪಾಳಯದ ವಿಮರ್ಶಕರ ಜೊತೆ ನಿಲ್ಲಲೂ ನನಗೆ ಮನಸ್ಸಿಲ್ಲ. 2015ರಲ್ಲಿ ಅಮೆರಿಕದ ಜೆಡ್ 6051 ಮತ್ತು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಅಲಾಕಾರ್ಟ್ ಪ್ರಯೋಗಗಳಿಗೆ, ಲ್ಯಾಪರೊಸ್ಕೋಪಿ ತೆರೆದ ಶಸ್ತ್ರಕ್ರಿಯೆಗಿಂತ ಕಡಿಮೆಯಿಲ್ಲ ಎಂದು ಸಾಬೀತು ಮಾಡಲಾಗಲಿಲ್ಲ. 'ಸಾಬೀತಾಗಲಿಲ್ಲ' ಎಂಬುದನ್ನು 'ಕೆಟ್ಟದ್ದೆಂದು ಸಾಬೀತಾಯಿತು' ಎಂದು ಓದಿಕೊಂಡವರು ಆ ವಿಧಾನಕ್ಕೆ ಚರಮಗೀತೆ ಹಾಡಿಬಿಟ್ಟರು. ಅವೆರಡೂ ನೋಡಿದ್ದು ಕತ್ತರಿಸಿ ತೆಗೆದ ಭಾಗದ ಗುಣಮಟ್ಟವನ್ನು. ಎರಡು ವರ್ಷಗಳ ಬಳಿಕ ರೋಗಮುಕ್ತ ಬದುಕಿನಲ್ಲಿ ಅರ್ಥಪೂರ್ಣ ವ್ಯತ್ಯಾಸ ಕಾಣಲಿಲ್ಲ. 1044 ರೋಗಿಗಳ ಕಲರ್ 2 ಪ್ರಯೋಗದಲ್ಲಂತೂ ಮೂರು ವರ್ಷಗಳಲ್ಲಿ ಅದೇ ಜಾಗದಲ್ಲಿ ರೋಗ ಮರಳಿದ್ದು ಎರಡೂ ಗುಂಪಿನಲ್ಲಿ ಶೇ. 5. ಲ್ಯಾಪರೊಸ್ಕೋಪಿಯನ್ನು ಇಷ್ಟು ಕಠಿಣವಾಗಿ ಜರಡಿ ಹಿಡಿದ ಶಾಸ್ತ್ರ ರೋಬೋಟಿನ ಮುಂದೆ ಮೆತ್ತಗಾದದ್ದೇ ನನ್ನ ಆಕ್ಷೇಪ.

ನಿಜವಾದ ಸವಾಲು ಚೀನಾದಿಂದ ಬಂದಿದೆ. ಮಧ್ಯ ಮತ್ತು ಕೆಳಭಾಗದ ಗುದನಾಳದ ಕ್ಯಾನ್ಸರನ್ನು ಆರಿಸಿಕೊಂಡ ರಿಯಲ್ ಪ್ರಯೋಗದಲ್ಲಿ ಮೂರು ವರ್ಷಗಳ ಸ್ಥಳೀಯ ಮರುಕಳಿಕೆ ರೋಬೋಟಿನಲ್ಲಿ ಶೇ. 1.6, ಲ್ಯಾಪರೊಸ್ಕೋಪಿಯಲ್ಲಿ ಶೇ. 4. ಇದನ್ನು ತಳ್ಳಿಹಾಕುವಂತಿಲ್ಲ, ಇಲ್ಲಿ ಅಳೆದದ್ದು ರೋಗಿಗೆ ತಟ್ಟುವ ಸಂಗತಿ. ಆದರೆ ಕೆಲಸ ಮಾಡಿದವರು ನುರಿತವರು, ಆಸ್ಪತ್ರೆಗಳು ದೊಡ್ಡವು, ನೂರು ರೋಗಿಗಳಲ್ಲಿ ಅಂತರ ಇಬ್ಬರು ಮೂವರದು. ಕಷ್ಟದ ಜಾಗದಲ್ಲಿ ಪಳಗಿದ ಕೈಗೆ ರೋಬೋಟ್ ನೆರವಾದೀತು ಎಂಬಷ್ಟನ್ನು ಇದು ಹೇಳುತ್ತದೆ. ರೋಬೋಟ್ ಕೊಂಡ ಪ್ರತಿ ಆಸ್ಪತ್ರೆಯೂ ಈ ಫಲಿತಾಂಶಕ್ಕೆ ಹಕ್ಕುದಾರ ಎಂದು ಹೇಳುವುದಿಲ್ಲ. ಕೊಬ್ಬಿನ ಹೊದಿಕೆ ಅಖಂಡವಾಗಿ ಬಂತೇ, ಅಂಚು ಶುದ್ಧವಿದೆಯೇ ಎಂದು ನೋಡಿ ದಾಖಲಿಸುವ ಪೆಥಾಲಜಿಸ್ಟ್ ಪ್ರತಿ ಆಸ್ಪತ್ರೆಯ ತೀರ್ಪುಗಾರನಾಗಬೇಕು. ಯಂತ್ರದ ಹೆಸರು ಹಾಕಿ ಪ್ರಚಾರ ಮಾಡುವ ಆಸ್ಪತ್ರೆ ಈ ಅಂಕಿಗಳನ್ನೂ, ಮರುಕಳಿಕೆಯ ಲೆಕ್ಕವನ್ನೂ ವರ್ಷಾವರ್ಷ ಪ್ರಕಟಿಸಲಿ. ಪ್ರಕಟಿಸದ ಕಡೆ ರೋಗಿ ಹೆಚ್ಚುವರಿ ಹಣ ಕೊಡುವುದಕ್ಕೆ ಕಾರಣವೇ ಇಲ್ಲ.